ಬೋನ್ಸಾಯ್ ಚಿಕ್ಕದಾಗಿರುವುದು ಹಸಿವಿನಿಂದಲ್ಲ

ಪ್ರಶ್ನೆ: 8 ವರ್ಷದ ಹಿಂದೆ ನನಗೊಂದು ಫೈಕಸ್ ಬೋನ್ಸಾಯ್ ಉಡುಗೊರೆಯಾಗಿ ಬಂತು. ಮೊದಲ ನಾಲ್ಕೈದು ವರ್ಷ ಚೆನ್ನಾಗಿಯೇ ಇತ್ತು. ಈಗ ಎರಡು ವರ್ಷದಿಂದ ಎಲೆ ಹಳದಿಯಾಗಿ ಉದುರುತ್ತಿದೆ. ಕೆಳಗಿನ ಎರಡು ಕೊಂಬೆ ಒಣಗಿವೆ, ನೆತ್ತಿಯಲ್ಲಿ ಮಾತ್ರ ಎಲೆ ಇದೆ. ನೀರು ಹಾಕಿದರೆ ಮಣ್ಣಿನ ಮೇಲೇ ನಿಲ್ಲುತ್ತದೆ. ಕಾಂಡ ಅಂದು ಎಷ್ಟು ದಪ್ಪ ಇತ್ತೋ ಇಂದೂ ಅಷ್ಟೇ. ನೀರು, ಗೊಬ್ಬರ ಜಾಸ್ತಿ ಕೊಟ್ಟರೆ ದೊಡ್ಡ ಮರ ಆಗಿಬಿಡುತ್ತದೆ ಎಂದು ಒಬ್ಬರು ಹೇಳಿದ್ದರಿಂದ ಎರಡನ್ನೂ ಕಡಿಮೆ ಮಾಡಿದ್ದೇನೆ. ಕುಂಡ ಒಮ್ಮೆಯೂ ಬದಲಿಸಿಲ್ಲ. ಮರ ಉಳಿಯುತ್ತದೆಯೇ? ಬಹಳ ವರ್ಷ ಇಟ್ಟುಕೊಳ್ಳಬೇಕೆಂದರೆ ಏನು ಮಾಡಬೇಕು?

ಉತ್ತರ: ಉಳಿಯುತ್ತದೆ ಎಂದೇ ನನಗನಿಸುತ್ತದೆ. ಫೈಕಸ್ ಎಂದರೆ ಆಲ, ಅರಳಿ, ಅತ್ತಿಗಳ ಕುಲ. ಗೋಡೆಯ ಬಿರುಕಿನಲ್ಲೂ ಬೇರು ಬಿಡುವ ಜಾತಿ ಅದು, ಸುಲಭಕ್ಕೆ ಕೈಬಿಡುವುದಿಲ್ಲ. ಮೊದಲು ಒಂದು ಪರೀಕ್ಷೆ ಮಾಡಿ. ಒಣಗಿದೆ ಅಂದ ಕೊಂಬೆಯ ತೊಗಟೆಯನ್ನು ಉಗುರಿನಿಂದ ಚೂರೇ ಚೂರು ಕೆರೆಯಿರಿ. ಅಡಿಯಲ್ಲಿ ಹಸಿರು ಪದರ ಕಂಡರೆ ಜೀವ ಇದೆ. ಕಂದಾಗಿ, ಒಣಕಲಾಗಿ ಇದ್ದರೆ ಅಷ್ಟು ಭಾಗ ಹೋಗಿದೆ. ತುದಿಯಿಂದ ಶುರು ಮಾಡಿ ಕಾಂಡದ ಕಡೆಗೆ ಬನ್ನಿ. ಎಷ್ಟೋ ಸಲ ತುದಿ ಮಾತ್ರ ಸತ್ತು, ಬುಡದ ಹತ್ತಿರ ಹಸಿರು ಉಳಿದಿರುತ್ತದೆ. ಹಾಗಿದ್ದರೆ ಅಲ್ಲಿಂದ ಮತ್ತೆ ಚಿಗುರಬಹುದು, ಅದನ್ನು ಕತ್ತರಿಸಬೇಡಿ.

ಇನ್ನು ಆ ಸಲಹೆಯ ವಿಷಯ. ನೀರು, ಗೊಬ್ಬರ ಕಮ್ಮಿ ಮಾಡಿ ಮರವನ್ನು ಚಿಕ್ಕದಾಗಿ ಇಡುವುದೇ ಬೋನ್ಸಾಯ್ ಎಂದು ತುಂಬ ಜನ ನಂಬಿದ್ದಾರೆ. ಇದರಿಂದ ಸತ್ತಷ್ಟು ಗಿಡ ಹುಳದಿಂದ ಕೂಡ ಸತ್ತಿಲ್ಲವೇನೋ. ದಯವಿಟ್ಟು ಇವತ್ತೇ ಇದನ್ನು ಬಿಟ್ಟುಬಿಡಿ. ಬೋನ್ಸಾಯ್ ಅನ್ನುವುದು ಒಂದು ಜಾತಿಯ ಮರ ಅಲ್ಲ. ಜಪಾನೀ ಭಾಷೆಯಲ್ಲಿ 'ಬೋನ್' ಎಂದರೆ ತಟ್ಟೆಯಂಥ ಕುಂಡ, 'ಸಾಯ್' ಎಂದರೆ ನೆಡುವುದು, ಅಷ್ಟೇ. ನಿಮ್ಮ ಮರದ ಬೀಜಕ್ಕೂ ದೊಡ್ಡ ಮರದ ಬೀಜಕ್ಕೂ ವ್ಯತ್ಯಾಸ ಇಲ್ಲ. 'ಬೋನ್ಸಾಯ್ ಬೀಜ' ಎಂದು ಪೊಟ್ಟಣದಲ್ಲಿ ಮಾರುವುದೂ ಮಾಮೂಲಿ ಮರದ ಬೀಜವೇ. ಮರ ಚಿಕ್ಕದಾಗಿರುವುದು ನಾವು ಮೇಲೆ ಕುಡಿ ಕತ್ತರಿಸುತ್ತೇವೆ, ಕೆಳಗೆ ಬೇರು ಸವರುತ್ತೇವೆ ಎಂಬ ಕಾರಣಕ್ಕೆ. ಕತ್ತರಿಸಿದ್ದನ್ನು ತುಂಬಿಕೊಂಡು ಮತ್ತೆ ಚಿಗುರಬೇಕಾದರೆ ಮರಕ್ಕೆ ಶಕ್ತಿ ಬೇಕಲ್ವಾ? ಹೊಟ್ಟೆಗಿಲ್ಲದ ಮರ ಚಿಗುರುವುದಿಲ್ಲ. ಇರುವ ಶಕ್ತಿಯನ್ನು ಒಂದೇ ಕಡೆ ಇಟ್ಟು ಉಳಿದ ಕೊಂಬೆಗಳನ್ನು ಬಿಟ್ಟುಬಿಡುತ್ತದೆ. ನಿಮ್ಮ ಮರ ಈಗ ಮಾಡುತ್ತಿರುವುದು ಅದನ್ನೇ.

ಅಮೆರಿಕದ ವಾಷಿಂಗ್ಟನ್‌ನಲ್ಲಿರುವ ರಾಷ್ಟ್ರೀಯ ಬೋನ್ಸಾಯ್ ಮ್ಯೂಸಿಯಂನಲ್ಲಿ ಒಂದು ಜಪಾನೀ ಬಿಳಿ ಪೈನ್ ಮರ ಇದೆ. 1625ರಿಂದ ಅದನ್ನು ಬೋನ್ಸಾಯ್ ಆಗಿ ಬೆಳೆಸಿಕೊಂಡು ಬರಲಾಗಿದೆ. ಹಿರೋಶಿಮಾದ ಯಮಾಕಿ ಕುಟುಂಬದ ನರ್ಸರಿಯಲ್ಲಿ ಇದ್ದ ಮರ. 1945ರ ಆಗಸ್ಟ್ 6ರಂದು ಬಾಂಬ್ ಬಿದ್ದ ಜಾಗದಿಂದ ಸುಮಾರು 3 ಕಿ.ಮೀ. ದೂರದಲ್ಲಿ, ಒಂದು ಗೋಡೆಯ ಮರೆಯಲ್ಲಿ ಇತ್ತು, ಬದುಕಿತು. 1976ರಲ್ಲಿ ಮಸಾರು ಯಮಾಕಿ ಅದನ್ನು ಅಮೆರಿಕಕ್ಕೆ ಕೊಟ್ಟರು. ಅದು ಹಿರೋಶಿಮಾದಲ್ಲಿ ಉಳಿದ ಮರ ಎಂಬುದು ಅಲ್ಲಿನವರಿಗೆ ಗೊತ್ತಾಗಿದ್ದು 2001ರಲ್ಲಿ, ಯಮಾಕಿಯವರ ಮೊಮ್ಮಕ್ಕಳು ಮರ ನೋಡಲು ಬಂದಾಗ. ಈ ಕತೆ ಯಾಕೆ ಹೇಳಿದೆ ಅಂದರೆ, ಉಪವಾಸ ಕೆಡವಿದ ಮರ 400 ವರ್ಷ ಬಾಳುವುದಿಲ್ಲ. ತಲೆಮಾರುಗಳ ಕಾಲ ಯಾರೋ ಒಬ್ಬರು ಪ್ರತಿದಿನ ಅದಕ್ಕೆ ಹೊಟ್ಟೆ ತುಂಬ ನೀರು ಕೊಟ್ಟಿದ್ದಾರೆ, ಹೊತ್ತುಹೊತ್ತಿಗೆ ಮಣ್ಣು ಬದಲಿಸಿದ್ದಾರೆ.

ಈಗ ನಿಮ್ಮ ಕುಂಡಕ್ಕೆ ಬರೋಣ. ನೀರು ಮೇಲೆಯೇ ನಿಲ್ಲುತ್ತದೆ ಎಂದಿರಿ ನೋಡಿ, ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಅದು. 8 ವರ್ಷದಲ್ಲಿ ಕುಂಡದ ತುಂಬ ಬೇರು ಹೆಣೆದುಕೊಂಡಿದೆ. ಮಣ್ಣಿನ ಕಾಳುಗಳು ಒಡೆದು, ನುಣ್ಣಗಾಗಿ, ಗಟ್ಟಿಯಾಗಿವೆ. ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ಉಸಿರಾಡದ ಬೇರು ನೀರನ್ನೂ ಹೀರುವುದಿಲ್ಲ. ಆಗ ನೆನೆದ ಮಣ್ಣಿನಲ್ಲಿ ನಿಂತೇ ಮರ ಬಾಯಾರಿ ಸೊರಗುತ್ತದೆ. ಎಲೆ ಹಳದಿಯಾಯಿತು ಎಂದು ಇನ್ನಷ್ಟು ನೀರು ಹಾಕಿದರೆ ಬೇರು ಕೊಳೆಯುತ್ತದೆ, ನೀರು ನಿಲ್ಲಿಸಿದರೆ ನಡುವಿನ ಮಣ್ಣು ಕಲ್ಲಿನಂತೆ ಒಣಗಿ ಮತ್ತೆ ನೆನೆಯುವುದೇ ಇಲ್ಲ. ಎರಡೂ ಕಡೆ ಕಷ್ಟ.

ಆಳವಿಲ್ಲದ ತೆಳು ಕುಂಡದಲ್ಲಿ ಇದು ಇನ್ನೂ ಬೇಗ ಆಗುತ್ತದೆ, ಅದಕ್ಕೆ ಕಾರಣ ಇದೆ. ಒಂದು ಸ್ಪಂಜನ್ನು ಪೂರ್ತಿ ನೆನೆಸಿ ಅಡ್ಡಕ್ಕೆ ಹಿಡಿಯಿರಿ, ತೊಟ್ಟಿಕ್ಕುವುದು ನಿಲ್ಲಲಿ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿದರೆ ಮತ್ತೆ ನೀರು ಸುರಿಯುತ್ತದೆ. ಸ್ಪಂಜೂ ಅದೇ, ತೂತೂ ಅದೇ, ಎತ್ತರ ಮಾತ್ರ ಬೇರೆ. ಯಾವ ಕುಂಡದ ತಳದಲ್ಲೂ ಒಂದಿಷ್ಟು ಎತ್ತರದವರೆಗೆ ನೀರು ಇಳಿದುಹೋಗದೆ ಮಣ್ಣನ್ನು ಹಿಡಿದು ನಿಂತಿರುತ್ತದೆ. ಮಣ್ಣು ನುಣ್ಣಗಿದ್ದಷ್ಟೂ ಆ ಎತ್ತರ ಜಾಸ್ತಿ. ಆಳದ ಕುಂಡದಲ್ಲಿ ಅದು ಕೆಳಗಿನ ಒಂದು ಪದರ ಅಷ್ಟೇ, ಬೋನ್ಸಾಯ್ ಕುಂಡದಲ್ಲಿ ಅದೇ ಅರ್ಧ ಕುಂಡ. ಆದ್ದರಿಂದ ಇಲ್ಲಿ ತೋಟದ ಮಣ್ಣು ನಡೆಯುವುದಿಲ್ಲ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆ ಅನ್ನುವುದೂ ತಪ್ಪು. ನೀರು ನಿಲ್ಲುವ ಪದರ ಜಲ್ಲಿಯ ಮೇಲಕ್ಕೆ ಏರಿ ಬೇರಿಗೆ ಇನ್ನೂ ಹತ್ತಿರ ಬರುತ್ತದೆ. ಕುಂಡದ ಮೇಲಿಂದ ಕೆಳಗಿನವರೆಗೂ ಒಂದೇ ಮಿಶ್ರಣ ಇರಲಿ, ಕಾಳು 3ರಿಂದ 6 ಮಿ.ಮೀ. ಇರಲಿ, ಪುಡಿಯನ್ನು ಜರಡಿ ಹಿಡಿದು ತೆಗೆಯಿರಿ. ಅಕಡಾಮ (ಜಪಾನಿನ ಕಾಳುಕಾಳು ಜೇಡಿಮಣ್ಣು), ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು), ಲಾವಾ ಕಲ್ಲು, ಚೆನ್ನಾಗಿ ಸುಟ್ಟ ಇಟ್ಟಿಗೆಯ ಚೂರು, ಹೀಗೆ ಬೇಗ ಒಡೆಯದ, ಜೊತೆಗೆ ಚೂರು ನೀರು ಹಿಡಿಯುವ ಯಾವುದಾದರೂ ಸರಿ. ಫೈಕಸ್‌ಗೆ ನಾನು ಐದರಲ್ಲಿ ಒಂದು ಪಾಲು ಕಳಿತ ಎಲೆಗೊಬ್ಬರವನ್ನೂ ಸೇರಿಸುತ್ತೇನೆ. ದುಬಾರಿ ಮಣ್ಣೇ ಬೇಕು ಅಂತಿಲ್ಲ. ಜರಡಿ ಹಿಡಿಯುವ ಶ್ರಮವನ್ನು ಮಾತ್ರ ತಪ್ಪಿಸಬೇಡಿ.

ಕುಂಡ ಯಾವಾಗ ಬದಲಿಸಬೇಕು? ಫೈಕಸ್ ಬೆಚ್ಚಗಿನ ನಾಡಿನ ಮರ. ರಾತ್ರಿಯೂ 15 ಡಿಗ್ರಿಗಿಂತ ಬೆಚ್ಚಗಿದ್ದು ಹೊಸ ಚಿಗುರು ಬರುತ್ತಿರುವ ಕಾಲದಲ್ಲೇ ಮಾಡಿ. ಚಳಿಯಲ್ಲಿ ಬೇಡ. ಎಲೆ ಉದುರಿಸುವ ಮೇಪಲ್, ಎಲ್ಮ್‌ನಂಥ ಮರಗಳಾದರೆ ಲೆಕ್ಕ ಬೇರೆ, ಚಳಿ ಮುಗಿದು ಮೊಗ್ಗು ಉಬ್ಬಿ, ಇನ್ನೂ ಬಿಚ್ಚಿಕೊಳ್ಳದ ಆ ಕೆಲವು ದಿನ ಅವಕ್ಕೆ ಸರಿಯಾದ ಹೊತ್ತು.

ಕೆಲಸ ಹೀಗೆ. ಹಿಂದಿನ ದಿನ ನೀರು ಹಾಕಬೇಡಿ, ಮಣ್ಣು ತುಸು ಒಣಗಿದ್ದರೆ ಬೇರು ಬಿಡಿಸುವುದು ಸುಲಭ. ಕುಂಡದ ಅಂಚಿನ ಸುತ್ತ ಚೂರಿ ಆಡಿಸಿ ಮರವನ್ನು ಎತ್ತಿ. ಕಾಂಡ ಹಿಡಿದು ಜಗ್ಗಬೇಡಿ. ಬಲವಾದ ಮರವಾಗಿದ್ದರೆ ಬೇರಿನ ಮೂರರಲ್ಲಿ ಒಂದು ಪಾಲು ತೆಗೆಯಿರಿ ಎನ್ನುತ್ತಿದ್ದೆ. ನಿಮ್ಮದು ಸೊರಗಿದೆ, ಅದಕ್ಕೆ ಕಾಲು ಭಾಗ ಸಾಕು. ತಳದಲ್ಲಿ ಚಾಪೆಯಂತೆ ಹೆಣೆದುಕೊಂಡ ಬೇರನ್ನು ಮತ್ತು ಸುತ್ತಲೂ ಸುತ್ತಿಕೊಂಡದ್ದನ್ನು ಚೂಪಾದ ಕತ್ತರಿಯಿಂದ ಸವರಿ. ಕೊಳೆತ ಬೇರು ಕಪ್ಪಗೆ, ಮೆತ್ತಗೆ ಇರುತ್ತದೆ, ಎಳೆದರೆ ಸಿಪ್ಪೆ ಕಳಚಿ ಕೈಗೆ ಬರುತ್ತದೆ, ವಾಸನೆಯೂ ಇರುತ್ತದೆ. ಅದನ್ನು ಮಾತ್ರ ಪೂರ್ತಿ ತೆಗೆಯಿರಿ. ಕಾಂಡದ ಕೆಳಗಿನ ಗಟ್ಟಿ ಮುದ್ದೆಯನ್ನು ಈ ಸಲ ಪೂರ್ತಿ ಬಿಡಿಸಬೇಡಿ. ಹಾಗೆಂದು ಹಾಗೇ ಬಿಟ್ಟರೂ ತಪ್ಪು, ಏಕೆಂದರೆ ನೀರು ಸುತ್ತಲಿನ ಹೊಸ ಮಣ್ಣಿನಲ್ಲಿ ಇಳಿದುಹೋಗುತ್ತದೆ, ನಡುವಿನ ಮುದ್ದೆ ಒಣಗಿಯೇ ಇರುತ್ತದೆ. ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಹೊರಗಿನಿಂದ ಕಾಂಡದ ಕಡೆಗೆ ಮೂರ್ನಾಲ್ಕು ಸೀಳು ಮಾಡಿ, ಅಲ್ಲಿನ ಹಳೆಯ ಮಣ್ಣನ್ನು ಕಡ್ಡಿಯಿಂದ ಕೆದಕಿ ತೆಗೆದು ಹೊಸ ಮಿಶ್ರಣ ತುಂಬಿ. ಉಳಿದ ಮುದ್ದೆಯನ್ನು ಮುಂದಿನ ಸಲ ನೋಡಿಕೊಳ್ಳೋಣ.

ಮತ್ತೊಂದು ಮಾತು, ಮರವನ್ನು ಕುಂಡಕ್ಕೆ ಕಟ್ಟಿ. ರಂಧ್ರಗಳಿಗೆ ಬಲೆ ಹಾಕಿ, ಅದರ ಮೂಲಕ ತಂತಿ ತಂದು, ಬೇರಿನ ಮುದ್ದೆಯ ಮೇಲೆ ಬಿಗಿಯಾಗಿ ತಿರುಚಿ. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಗಾಳಿಗೆ ಮರ ಅಲ್ಲಾಡಿದರೆ ಆಗಷ್ಟೇ ಹುಟ್ಟಿದ ಕೂದಲೆಳೆಯಂಥ ಬೇರುಗಳು ತುಂಡಾಗುತ್ತವೆ. ಹೊಸ ಮಣ್ಣನ್ನು ಕಡ್ಡಿಯಿಂದ ಬೇರಿನ ಸಂದುಗಳಿಗೆ ಇಳಿಸಿ, ಎಲ್ಲೂ ಪೊಳ್ಳು ಉಳಿಯಬಾರದು. ಕೊನೆಗೆ ತಳದಿಂದ ತಿಳಿನೀರು ಬರುವವರೆಗೆ ನೀರು ಹಾಕಿ. ಆಮೇಲೆ ಎರಡು ಮೂರು ವಾರ ನೇರ ಬಿಸಿಲು ಬೇಡ, ಬೆಳಕಿರುವ ನೆರಳು ಸಾಕು. ಗೊಬ್ಬರ ಒಂದು ತಿಂಗಳು ಬೇಡ. ಕೆಲವು ಎಲೆ ಉದುರಬಹುದು, ಗಾಬರಿಯಾಗಬೇಡಿ, ಜಾಗ ಬದಲಾದರೂ ಫೈಕಸ್ ಎಲೆ ಉದುರಿಸುತ್ತದೆ.

ಕುಂಡ ಈಗಿರುವುದಕ್ಕಿಂತ ಸುತ್ತಲೂ ಎರಡು ಬೆರಳು ದೊಡ್ಡದಿರಲಿ, ಚೂರು ಆಳವೂ ಇರಲಿ. ಎರಡು ಮೂರು ವರ್ಷ ಅದರಲ್ಲೇ ಬೆಳೆಯಲಿ. ಚಂದದ ತೆಳು ಕುಂಡವನ್ನು ತೊಳೆದು ಎತ್ತಿಡಿ. ತೀರಾ ದೊಡ್ಡ ಕುಂಡಕ್ಕೂ ಹಾಕಬೇಡಿ. ಬೇರಿಲ್ಲದ ಮಣ್ಣು ನೀರನ್ನು ಹಿಡಿದುಕೊಂಡು ಹಸಿಯಾಗಿಯೇ ಉಳಿಯುತ್ತದೆ.

ಇನ್ನು ನೀರು. ದಿನಕ್ಕೆ ಎಷ್ಟು ಸಲ ಎಂದು ಎಲ್ಲರೂ ಕೇಳುತ್ತಾರೆ, ಅದಕ್ಕೆ ಲೆಕ್ಕ ಹೇಳಿದರೆ ಮರಕ್ಕೆ ಅನ್ಯಾಯ. ಬಿಸಿಲಲ್ಲಿ ದಿನಕ್ಕೆ ಎರಡು ಸಲ ಬೇಕಾಗಬಹುದು, ಮೋಡದ ದಿನಗಳಲ್ಲಿ ಎರಡು ದಿನಕ್ಕೊಮ್ಮೆ ಸಾಕಾಗಬಹುದು. ಬೆರಳನ್ನು ಒಂದು ಗೆಣ್ಣಿನಷ್ಟು ಇಳಿಸಿ ನೋಡಿ, ಅಥವಾ ಒಂದು ಮರದ ಕಡ್ಡಿಯನ್ನು ಮಣ್ಣಿನಲ್ಲಿ ಚುಚ್ಚಿಟ್ಟು ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿಯ ತುದಿ ಇನ್ನೂ ಹಸಿ ಇದ್ದರೆ ಬೇಡ, ಬಹುಪಾಲು ಒಣಗಿದ್ದರೆ ಹಾಕಿ. ಹಾಕಿದರೆ ಪೂರ್ತಿ ಹಾಕಿ. ಸಣ್ಣ ತೂತುಗಳ ಝಾರಿಯಿಂದ ಒಮ್ಮೆ ನೆನೆಸಿ, ಐದು ನಿಮಿಷ ಬಿಟ್ಟು ಇನ್ನೊಮ್ಮೆ, ರಂಧ್ರಗಳಿಂದ ನೀರು ಹರಿಯುವ ತನಕ. ಸುಮ್ನೆ ಮೇಲೆ ಚಿಮುಕಿಸುವುದರಿಂದ ಏನೂ ಆಗುವುದಿಲ್ಲ. ಕೆಲವೇ ತಿಂಗಳಲ್ಲಿ ಕುಂಡ ಎತ್ತಿದರೆ ಅದರ ತೂಕದಿಂದಲೇ ನಿಮಗೆ ಗೊತ್ತಾಗುತ್ತದೆ.

ಮರ ಮನೆಯೊಳಗೆ ಇದೆಯೋ ಹೊರಗೋ, ನೀವು ಬರೆದಿಲ್ಲ. ಒಳಗೇ ಇದ್ದರೆ ಕೊಂಬೆ ಒಣಗಲು ಅದೂ ಒಂದು ಕಾರಣ ಇರಬಹುದು. ನಮ್ಮ ಕಣ್ಣು ಕತ್ತಲಿಗೆ ಬೇಗ ಹೊಂದಿಕೊಳ್ಳುತ್ತದೆ, ಹಾಗಾಗಿ ಕಿಟಕಿಯಿಂದ ಎರಡು ಮೀಟರ್ ಒಳಗೂ ನಮಗೆ ಬೆಳಕಿದೆ ಅನಿಸುತ್ತದೆ. ಆದರೆ ಅಲ್ಲಿಗೆ ತಲುಪುವುದು ಕಿಟಕಿಯ ಬಳಿ ಇರುವುದರ ಚಿಕ್ಕದೊಂದು ಪಾಲು ಮಾತ್ರ. ಬೆಚ್ಚಗಿನ ತಿಂಗಳುಗಳಲ್ಲಿ ಮರ ಹೊರಗಿರಲಿ. ಒಮ್ಮೆಲೇ ಬಿಸಿಲಿಗೆ ಇಟ್ಟರೆ ಎಲೆ ಸುಡುತ್ತದೆ, ಎರಡು ವಾರ ನೆರಳಲ್ಲಿಟ್ಟು ಸ್ವಲ್ಪ ಸ್ವಲ್ಪವೇ ಬಿಸಿಲಿಗೆ ತನ್ನಿ. ಜೂನಿಪರ್, ಪೈನ್‌ನಂಥ ಮರಗಳಂತೂ ಮನೆಯೊಳಗೆ ಬದುಕುವುದೇ ಇಲ್ಲ.

ನೆತ್ತಿ ಮಾತ್ರ ದಟ್ಟವಾಗಿ ಕೆಳಗೆ ಒಣಗುವುದು ಮರದ ಸಹಜ ಸ್ವಭಾವ. ತುದಿಯ ಕುಡಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನ್ ಹುಟ್ಟಿ ಕೆಳಕ್ಕೆ ಇಳಿಯುತ್ತದೆ, ಕೆಳಗಿನ ಮೊಗ್ಗುಗಳನ್ನು ಚಿಗುರದಂತೆ ತಡೆದಿಡುತ್ತದೆ. ಕಾಡಿನಲ್ಲಿ ಬೆಳಕಿಗಾಗಿ ಮೇಲೇರಬೇಕಾದ ಮರಕ್ಕೆ ಇದು ಬೇಕು. ಕುಂಡದಲ್ಲಿ ಇದನ್ನು ಹಾಗೇ ಬಿಟ್ಟರೆ ನೆತ್ತಿ ಕೊಬ್ಬುತ್ತದೆ, ಅದರ ನೆರಳಿಗೆ ಕೆಳಗಿನ ಕೊಂಬೆ ಸಾಯುತ್ತದೆ. ಆದ್ದರಿಂದ ನೆತ್ತಿಯನ್ನು ಬಿಗಿಯಾಗಿ, ಕೆಳಗಿನದನ್ನು ಸಡಿಲವಾಗಿ ಇಡಬೇಕು. ಚಿಗುರು ಆರೆಂಟು ಎಲೆ ಬಿಡುವವರೆಗೆ ಸುಮ್ಮನಿದ್ದು, ಆಮೇಲೆ ಎರಡು ಎಲೆ ಉಳಿಸಿ ಕತ್ತರಿಸಿ. ಕೆಳಗಿನ ಸೊರಗಿದ ಕೊಂಬೆಯ ತುದಿಯನ್ನು ಮುಟ್ಟಲೇಬೇಡಿ, ಅದು ಉದ್ದ ಆಗಲಿ, ದಪ್ಪ ಆಗಲಿ. ಕತ್ತರಿಸಿದಲ್ಲಿ ಹಾಲು ಬರುತ್ತದೆ, ಒರೆಸಿಬಿಡಿ, ಅಷ್ಟೇ. ಬೆರಳಿಗಿಂತ ದಪ್ಪದ ಗಾಯಕ್ಕೆ ಮರದ ಗಾಯಕ್ಕೆಂದೇ ಇರುವ ಪೇಸ್ಟ್ ಹಚ್ಚಿ.

ಆದರೆ ಇದೆಲ್ಲ ಮುಂದಿನ ವರ್ಷಕ್ಕೆ. ಈ ವರ್ಷ ಕತ್ತರಿ ಬೇರಿಗೆ ಮಾತ್ರ, ನೆತ್ತಿಗೆ ಬೇಡ. ಈಗ ಉಳಿದಿರುವ ಆ ಎಲೆಗಳೇ ಹೊಸ ಬೇರಿಗೆ ಅನ್ನ ಮಾಡಿ ಕಳಿಸಬೇಕು.

ಒಂದು ಸಲಕ್ಕೆ ಒಂದೇ ಕೆಲಸ, ಇದನ್ನು ನಾನು ಕಲಿತದ್ದು ಒಂದು ಮರವನ್ನು ಕಳೆದುಕೊಂಡು. ಶುರುವಿನ ವರ್ಷಗಳಲ್ಲಿ ನನ್ನ ಹತ್ತಿರ ಒಂದು ಜೂನಿಪರ್ ಇತ್ತು, ಕಾಂಡದ ತಿರುವು ತುಂಬ ಚೆನ್ನಾಗಿತ್ತು. ಒಂದೇ ದಿನ ಅದರ ಬೇರನ್ನು ಪೂರ್ತಿ ತೊಳೆದೆ, ಕೊಂಬೆಗಳನ್ನು ಸವರಿದೆ, ತಂತಿ ಸುತ್ತಿ ಬಗ್ಗಿಸಿದೆ. ಸಂಜೆ ಅದು ಎಷ್ಟು ಚಂದ ಕಾಣುತ್ತಿತ್ತೆಂದರೆ ನಾನು ಬಹಳ ಹೊತ್ತು ನೋಡುತ್ತ ಕೂತಿದ್ದೆ. ಹೆಚ್ಚುಕಮ್ಮಿ ಎರಡು ತಿಂಗಳು ಹಸಿರಾಗಿಯೇ ಇತ್ತು. ಆಮೇಲೆ ಬಣ್ಣ ಮಂಕಾಯಿತು, ಒಂದು ದಿನ ಎಲೆ ಮುಟ್ಟಿದರೆ ಪುಡಿಯಾಯಿತು. ಜೂನಿಪರ್ ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿ ಕಾಣುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಆ ಮೂರರಲ್ಲಿ ಯಾವುದಾದರೂ ಒಂದನ್ನು ಅದು ತಡೆದುಕೊಳ್ಳುತ್ತಿತ್ತು. ಈಗಲೂ ಆ ಮರ ನೆನಪಾದರೆ ಬೇಸರವಾಗುತ್ತದೆ. ಹಾಗಾಗಿ ಕುಂಡ ಬದಲಿಸಿದ ವರ್ಷ ನಾನು ಬೇರೆ ದೊಡ್ಡ ಕೆಲಸ ಮಾಡುವುದಿಲ್ಲ. ಮುಂದಿನ ವರ್ಷ ಸವರುವುದು, ಅದರ ಮುಂದೆ ಬೇಕಾದರೆ ತಂತಿ. ಜೂನಿಪರ್, ಪೈನ್‌ನಂಥ ಶಂಕುಮರಗಳ ಬೇರಿನ ಹಳೆಯ ಮಣ್ಣನ್ನಂತೂ ಪೂರ್ತಿ ತೊಳೆಯಲೇಬಾರದು, ಅದರಲ್ಲಿ ಬೇರಿನ ಜೊತೆ ಬಾಳುವ ಶಿಲೀಂಧ್ರ ಇರುತ್ತದೆ.

ತಂತಿಯ ಬಗ್ಗೆ ಈಗ ಇಷ್ಟು ಸಾಕು: ಅಲ್ಯೂಮಿನಿಯಂ ತಂತಿ, ಕೊಂಬೆಯ ಮೂರರಲ್ಲಿ ಒಂದು ಪಾಲು ದಪ್ಪ, 45 ಡಿಗ್ರಿ ಓರೆಯಲ್ಲಿ ಸುತ್ತು. ಬೆಳೆಯುವ ಕಾಲದಲ್ಲಿ ಫೈಕಸ್ ಕೆಲವೇ ವಾರದಲ್ಲಿ ದಪ್ಪವಾಗಿ ತಂತಿ ತೊಗಟೆಯೊಳಗೆ ಹೂತುಹೋಗುತ್ತದೆ, ಆ ಗುರುತು ಎಷ್ಟೋ ವರ್ಷ ಉಳಿಯುತ್ತದೆ. ವಾರಕ್ಕೊಮ್ಮೆ ನೋಡಿ. ತೆಗೆಯುವಾಗ ಬಿಚ್ಚಲು ಹೋಗಬೇಡಿ, ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ.

ಕಾಂಡ ದಪ್ಪ ಆಗಿಲ್ಲ ಎಂದಿರಿ. ತೆಳು ಕುಂಡದಲ್ಲಿ ಆಗುವುದೇ ಇಲ್ಲ ಎಂದರೂ ನಡೆಯುತ್ತದೆ, ಅಷ್ಟು ನಿಧಾನ. ಮೇಲೆ ಎಷ್ಟು ಎಲೆ ಬೆಳೆಯಿತೋ ಕಾಂಡಕ್ಕೆ ಅಷ್ಟು ದಪ್ಪ ಸೇರುತ್ತದೆ. ನಾವು ನೋಡಿ ಬೆರಗಾಗುವ ದಪ್ಪ ಬುಡದ ಬೋನ್ಸಾಯ್‌ಗಳಲ್ಲಿ ಹೆಚ್ಚಿನವು ಮೊದಲು ನೆಲದಲ್ಲೋ ದೊಡ್ಡ ಕುಂಡದಲ್ಲೋ ವರ್ಷಗಟ್ಟಲೆ ಬೆಳೆದು, ಆಮೇಲೆ ಕತ್ತರಿಸಿಕೊಂಡು ಚಿಕ್ಕ ಕುಂಡಕ್ಕೆ ಬಂದವು. ನಿಮ್ಮ ಮರಕ್ಕೆ ದಪ್ಪ ಬೇಕಿದ್ದರೆ, ಬಲ ಬಂದ ಮೇಲೆ ಕಾಂಡದ ಕೆಳಭಾಗದಲ್ಲಿ ಒಂದು ಚಿಗುರನ್ನು ಕತ್ತರಿಸದೆ ಬಿಡಿ. ಅದು ಮರದ ಆಕಾರ ಕೆಡಿಸಿಕೊಂಡು ಉದ್ದಕ್ಕೆ ಓಡಲಿ. ಎರಡು ಮೂರು ವರ್ಷದಲ್ಲಿ ಅದರ ಕೆಳಗಿನ ಕಾಂಡ ಉಬ್ಬುತ್ತದೆ, ಆಗ ಆ ಕೊಂಬೆಯನ್ನು ತೆಗೆಯಿರಿ. ನೋಡಲು ಚೆನ್ನಾಗಿರುವುದಿಲ್ಲ ಎಂದು ಯಾರಾದರೂ ಅಂದರೆ ಅನ್ನಲಿ.

ಒಣಗಿದ ಎರಡು ಕೊಂಬೆಗಳ ಜಾಗ ಖಾಲಿ ಉಳಿಯುತ್ತದೆ ಎಂಬ ಚಿಂತೆಯೂ ಬೇಡ. ಫೈಕಸ್ ಹಳೆಯ ಕಾಂಡದಿಂದಲೂ ಚಿಗುರುತ್ತದೆ, ಬಲ ಬಂದ ಮರ ಗಾಯದ ಅಕ್ಕಪಕ್ಕ ಮೊಗ್ಗು ಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಚಿಗುರದಿದ್ದರೆ ಅದೇ ಮರದ ಒಂದು ಉದ್ದದ ಕುಡಿಯನ್ನು ಬಾಗಿಸಿ ಅಲ್ಲಿಗೆ ಕಸಿ ಕಟ್ಟಬಹುದು. ಜೂನಿಪರ್‌ನಲ್ಲಿ ಸತ್ತ ಕೊಂಬೆಯನ್ನು ಸಿಪ್ಪೆ ತೆಗೆದು, ಸುಣ್ಣ-ಗಂಧಕದ ದ್ರಾವಣ ಬಳಿದು ಬಿಳಿ ಮರವಾಗಿ ಉಳಿಸುತ್ತಾರಲ್ಲ, ಅದನ್ನು ಫೈಕಸ್‌ನಲ್ಲಿ ಮಾಡಬೇಡಿ. ಇದರ ಮರ ಮೆತ್ತಗೆ, ಕೊಳೆಯುತ್ತದೆ.

ಗೊಬ್ಬರ ಕೊಡುವುದು ತಿಂಗಳು ಕಳೆದು ಹೊಸ ಚಿಗುರು ಕಂಡ ಮೇಲೆ. ದ್ರವ ಗೊಬ್ಬರವಾದರೆ ಪೊಟ್ಟಣದ ಮೇಲೆ ಹೇಳಿದ್ದರ ಅರ್ಧ, ಹದಿನೈದು ದಿನಕ್ಕೊಮ್ಮೆ, ಚಳಿಗೆ ಬೆಳವಣಿಗೆ ನಿಧಾನವಾದಾಗ ನಿಲ್ಲಿಸಿ. ಎಲೆಯ ಅಡಿಯನ್ನು ಆಗಾಗ ತಿರುಗಿಸಿ ನೋಡಿ. ಹಿಟ್ಟು ತಿಗಣೆ ಇದ್ದರೆ ಹತ್ತಿಯಂಥ ಬಿಳಿ ಕಾಣುತ್ತದೆ, ಶಲ್ಕ ಕೀಟ ಇದ್ದರೆ ಕಂದು ಹುರುಪೆಯಂಥದ್ದು, ಎಲೆ ಅಂಟಂಟು. ಕಡಿಮೆ ಇದ್ದಾಗ ಹಳೆಯ ಬ್ರಷ್‌ನಿಂದ ಉಜ್ಜಿ ತೆಗೆದು ಬೇವಿನೆಣ್ಣೆ ಸಿಂಪಡಿಸಿದರೆ ಸಾಕಾಗುತ್ತದೆ. ಸೊರಗಿದ ಮರಕ್ಕೇ ಹುಳ ಜಾಸ್ತಿ ಬರುತ್ತದೆ.

ಮುಂದಿನ ಸಲ ಕುಂಡ ಬದಲಿಸುವುದು ಎರಡು ಅಥವಾ ಮೂರು ವರ್ಷಕ್ಕೆ. ಮರಕ್ಕೆ ವಯಸ್ಸಾದಂತೆ ಅಂತರ ಹೆಚ್ಚುತ್ತದೆ. ಹಳೆಯ ಪೈನ್‌ಗಳನ್ನು ಐದು ವರ್ಷ, ಅದಕ್ಕೂ ಹೆಚ್ಚು ಕಾಲ ಮುಟ್ಟದೆ ಬಿಡುವುದುಂಟು. ವರ್ಷ ಎಣಿಸುವುದಕ್ಕಿಂತ ಮರವನ್ನೇ ನೋಡಿ. ನೀರು ಇಳಿಯಲು ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿದರೆ, ಅಥವಾ ಬೇರು ತುಂಬಿ ಮರ ಕುಂಡದ ಅಂಚಿಗಿಂತ ಮೇಲೆದ್ದಂತೆ ಕಂಡರೆ ಕಾಲ ಬಂತು ಎಂದೇ ಅರ್ಥ. ಒಂದು ಪುಸ್ತಕದಲ್ಲಿ ಕುಂಡ ಬದಲಿಸಿದ ದಿನ, ಸವರಿದ ದಿನ ಬರೆದಿಡಿ, ವರ್ಷಕ್ಕೊಮ್ಮೆ ಒಂದೇ ಬದಿಯಿಂದ ಫೋಟೋ ತೆಗೆಯಿರಿ. ದಿನವೂ ನೋಡುವ ಕಣ್ಣಿಗೆ ಮರ ಬದಲಾಗಿದ್ದು ತಿಳಿಯುವುದಿಲ್ಲ.

ಮೊದಲ ಫೋಟೋ ಈಗಲೇ ತೆಗೆಯಿರಿ, ಏನೂ ಮುಟ್ಟುವ ಮೊದಲು. ಕುಂಡದಿಂದ ಎತ್ತಿದಾಗ ಬೇರಿನ ಮುದ್ದೆಯದ್ದೂ ಒಂದು ತೆಗೆದು ಕಳಿಸಿ. ಅರ್ಧಕ್ಕಿಂತ ಹೆಚ್ಚು ಬೇರು ಕಪ್ಪಾಗಿ ಮೆತ್ತಗಿದ್ದರೆ ಹೊಸ ಕುಂಡಕ್ಕೆ ಹಾಕುವ ಮುಂಚೆ ನನಗೆ ತಿಳಿಸಿ. ಆಗ ಎಲೆಯನ್ನೂ ಸ್ವಲ್ಪ ಇಳಿಸಬೇಕಾಗುತ್ತದೆ, ಎಷ್ಟು ಎಂಬುದನ್ನು ಬೇರು ನೋಡಿಯೇ ಹೇಳಬೇಕು.